ಧಾರಾವಾಹಿಯ ಅತ್ತೆ ಮತ್ತು ಇದ್ದಿಲ ಇಡ್ಲಿ

ಇಪ್ಪತ್ತು ವರ್ಷ ಧಾರಾವಾಹಿಗಳಲ್ಲಿ ಅತ್ತೆಯಾದ ನಟಿ ಅವರು. ಹೊಸಕೋಟೆಯ ನಮ್ಮ ಬೀದಿಯ ಹೋಟೆಲಿಗೆ, ಇದ್ದಿಲ ಪುಡಿ ಹಾಕಿದ ಕಪ್ಪು ಇಡ್ಲಿಯ ಜಾಹೀರಾತಿಗೆಂದು ಬಂದಿದ್ದರು. ಕ್ಯಾಮೆರಾದ ಮುಂದೆ ಚಪ್ಪರಿಸಿ ತಿನ್ನುವರು, ಅದು ನಿಂತೊಡನೆ ತುತ್ತನ್ನು ಟಿಶ್ಯೂಗೆ ಉಗಿದು, "ಇನ್ನೊಂದ್ಸಲ ಮಾಡೋಣ್ವಾ?" ಎನ್ನುವರು. ಟೇಕ್‌ಗಳು ಹೆಚ್ಚಾದಾಗ ನಟರು ಹಾಗೇ ಮಾಡುತ್ತಾರೆಂದುಕೊಂಡು ಕುತೂಹಲದಿಂದ ನೋಡುತ್ತಿದ್ದೆ.

ಆಮೇಲೆ ನಾನು ಅದೇ ಇಡ್ಲಿ ಒಂದು ಪಾರ್ಸೆಲ್ ಕೇಳಿದೆ.

"ಯಾರಿಗಪ್ಪಾ?" ಎಂದರು ಆಕೆ.

"ಅಮ್ಮಂಗೆ ಮೇಡಂ. ನಿಮ್ ಸೀರಿಯಲ್ ಒಂದೂ ಬಿಡಲ್ಲ."

"ಮಾತ್ರೆ ಏನಾದ್ರೂ ತಗೋತಾರಾ?"

"ಬಿಪಿಗೆ ತಗೋತಾರೆ."

"ಹಂಗಿದ್ರೆ ಬೇಡ ಕಣಪ್ಪ. ಇದ್ದಿಲು ಮಾತ್ರೇನೂ ಹೀರ್ಕೊಂಡ್ಬಿಡುತ್ತಂತೆ. ನಮ್ ಡಾಕ್ಟ್ರು ನಂಗೂ ಬೇಡ ಅಂದವ್ರೆ."

ಹೋಟೆಲಿನ ಮಾಲೀಕರು ಪಕ್ಕದಲ್ಲೇ ಇದ್ದರು. ಆಕೆ ದನಿ ತಗ್ಗಿಸಲಿಲ್ಲ.

ಒಂದು ವಾರದಿಂದ ಅಮ್ಮನಿಗೆ ಬೆಳಿಗ್ಗೆ ಅದೇ ಇಡ್ಲಿ ತಿನ್ನಿಸಿ, ಮೇಲೆ ಮಾತ್ರೆ ಕೊಡುತ್ತಿದ್ದವನು ನಾನು. ಬಿಪಿ ಇಳಿಯದಿದ್ದಾಗ, ಮಾತ್ರೆ ಕದ್ದುಮುಚ್ಚಿ ಎಸೆಯುತ್ತೀಯಾ ಎಂದು ಅಮ್ಮನನ್ನೇ ಗದರಿದ್ದೆ.