ಬಾಲಂಗೋಚಿ ಕತ್ತರಿಸಿದವರು

ಅವರು ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಹಾಗಾಗಿ ಮಾತೆಲ್ಲ ತುಟಿಯ ಒಂದು ಮೂಲೆಯಿಂದ ಹೊರಬರುತ್ತಿತ್ತು. ಮಳೆಯೇ ಅಪರೂಪವಾದ ನಮ್ಮ ಹಿರಿಯೂರಿನಲ್ಲಿ ಛತ್ರಿ ರಿಪೇರಿ ಅಂಗಡಿ ಇಟ್ಟ ಧೈರ್ಯವಂತರು. ಕೇಳಿದರೆ, ಬಿಸಿಲಿಗೂ ಛತ್ರಿ ಬೇಕಲ್ಲ ಎನ್ನುತ್ತಿದ್ದರು. ಹೊಟ್ಟೆಪಾಡಿಗೆ ಬ್ಯಾಗಿನ ಜಿಪ್ಪು, ಖುಷಿಗೆ ಗಾಳಿಪಟ.

ಆಷಾಢದ ಗಾಳಿ ಎದ್ದರೆ ಸಂಜೆ ಬೇಗ ಅಂಗಡಿ ಮುಚ್ಚಿ, ಹಳೆ ಛತ್ರಿಯ ಬಟ್ಟೆ, ಕಡ್ಡಿಗಳಿಂದ ಮಾಡಿದ ಪಟಗಳನ್ನು ಊರಾಚೆಯ ಬಯಲಿಗೆ ಒಯ್ಯುತ್ತಿದ್ದರು. ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ. ಪಟಕ್ಕೆ ಎರಡು ದಾರ, ಕೈಗೊಂದು. ಬಲದ್ದು ಎಳೆದರೆ ಬಲಕ್ಕೆ, ಎಡದ್ದು ಎಳೆದರೆ ಎಡಕ್ಕೆ ತಿರುಗಿ ಲಾಗ ಹಾಕುತ್ತದೆ. ಶಾಲೆಯ ಮೇಷ್ಟ್ರಾದ ನನಗೂ ಆ ಹುಚ್ಚು ಹಿಡಿಸಿದರು.

ನಾನು ಮಾಡಿದ ಪಟ ಮಾತ್ರ ಮೇಲೇರಿದೊಡನೆ ಬಲಕ್ಕೆ ವಾಲಿ ಮುಗ್ಗರಿಸುತ್ತಿತ್ತು. ಹಠ ಮಾಡುವ ಪಟಕ್ಕೆ ನಮ್ಮ ಕಡೆ ಅಜ್ಜನ ಕಾಲದಿಂದಲೂ ಒಂದೇ ಮದ್ದು, ಬಾಲಂಗೋಚಿ. ಹೆಂಡತಿಯ ಹಳೆ ಸೀರೆ ಹರಿದು ಉದ್ದಕ್ಕೆ ಕಟ್ಟಿದೆ. ಪಟ ಎಮ್ಮೆಯಂತೆ ನಿಂತಿತು, ಲಾಗ ಮರೆಯಿತು. ಅವರು ಬಂದವರೇ ಬಾಲ ಕತ್ತರಿಸಿದರು.

"ಇದು ರೋಗ ಮುಚ್ತೈತೆ ಮೇಷ್ಟ್ರೇ, ವಾಸಿ ಮಾಡಲ್ಲ."

ಎರಡು ದಾರ ಅದಲು ಬದಲು ಮಾಡಿದರು. ದಾರದ ಅಳತೆ ತಪ್ಪಿದ್ದರೆ ಪಟ ಈಗ ಎಡಕ್ಕೆ ವಾಲಬೇಕಿತ್ತು, ಬಲಕ್ಕೇ ವಾಲಿತು. ಪಟವನ್ನು ನಡುವೆ ಮಡಚಿ ನೋಡಿದರು, ಎರಡು ರೆಕ್ಕೆಯೂ ಸಮ. ಕೊನೆಗೆ ತಾವೇ ದಾರ ಹಿಡಿದರು. ಪಟ ನೆಟ್ಟಗೆ ಏರಿ ಎರಡು ಲಾಗ ಹಾಕಿತು. ಅವರು ನನ್ನ ಎಡಗೈ ನೋಡಿದರು.

ಐಮಂಗಲದ ಹತ್ತಿರ ಬೈಕಿನಿಂದ ಬಿದ್ದು ಮುರಿದಿದ್ದ ಕೈ ಅದು. ಮೂಳೆ ಕೂಡಿ ವರ್ಷವಾಗಿದ್ದರೂ ನೋವಿಗೆ ಹೆದರಿ ಅದಕ್ಕೆ ಭಾರ ಕೊಡುತ್ತಿರಲಿಲ್ಲ, ಎಡದ ದಾರವನ್ನು ಎಳೆಯದೆ ಗಾಳಿ ಸೆಳೆದತ್ತ ಸಡಿಲ ಬಿಡುತ್ತಿದ್ದೆ. ಹೀಗೇ ಬಿಟ್ಟರೆ ಕೈ ಮರಗಟ್ಟಿಹೋಗುತ್ತದೆ ಎಂದು ಡಾಕ್ಟರು ಗದರಿಯಾಗಿತ್ತು. ಎಡದ ದಾರಕ್ಕೊಂದು ಗಂಟು ಹಾಕಿ ಗಿಡ್ಡ ಮಾಡಿಕೊಡಿ, ಸರಿಹೋಗುತ್ತದೆ ಎಂದೆ. ಅವರು ಬಾಯಿಂದ ಸೂಜಿ ತೆಗೆದರು.

"ಗಂಟು ಹಾಕಾಕೆ ಎಷ್ಟೊತ್ತು? ಆಮೇಲೆ ಆ ಕೈ ಯಾವತ್ತೂ ಎಳಿಯಲ್ಲ. ಪಟ ನೆಟ್ಟಗೈತೆ ಮೇಷ್ಟ್ರೇ. ಅದನ್ಯಾಕೆ ಸೊಟ್ಟ ಮಾಡಾಣ?"

ನನಗೆ ಮೈಯೆಲ್ಲ ಉರಿಯಿತು. ಎಂಟು ದಿನ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಸಿಟ್ಟಿಗಿಂತ ಪಟದ ಆಸೆಯೇ ಗೆದ್ದಿತು. ದಿನಾ ಹಲ್ಲು ಕಚ್ಚಿ ಎಳೆದೆ. ಶ್ರಾವಣದ ಹೊತ್ತಿಗೆ ನನ್ನ ಪಟ ಎಡಕ್ಕೂ ಲಾಗ ಹಾಕಿತು. ಅವರೇನೂ ಹೊಗಳಲಿಲ್ಲ, ಬರುವ ದಾರಿಯಲ್ಲಿ ಟೀ ಕುಡಿಸಿದರು. ಅಂಥ ಸಂತೋಷದ ಟೀ ನಾನು ಮತ್ತೆ ಕುಡಿದಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸುಖದ ಸಾವು. ಚಟ್ಟ ಎತ್ತುವಾಗ ಅವರ ಮಗ ನನ್ನ ಕೈಯನ್ನು ನೆನೆದು, ನೀವು ಬಿಡಿ ಎಂದ. ನಾನು ಎಡ ಹೆಗಲು ಕೊಟ್ಟು, ಎಡಗೈ ಎತ್ತಿ ಬಿದಿರು ಹಿಡಿದೆ. ಹೊಳೆಯವರೆಗೂ ಹೆಗಲು ಬದಲಿಸಲಿಲ್ಲ.