ಗಾಜಿನಕ್ಕನ ಹಳೇ ಗಾಡಿ

ನನ್ನ ಹೆಂಡತಿಗೆ ಪೇಟೆಯಲ್ಲಿ ಗಾಜಿನಕ್ಕ ಅಂತಲೇ ಹೆಸರು. ಬಡಗಿಗಳು, ಕಂಟ್ರಾಕ್ಟರುಗಳು, ಅಂಗಡಿಯವರು ಎಲ್ಲರೂ ಹಾಗೇ ಕರೆಯುತ್ತಾರೆ. ನಾನು ಟೈಲರ್. ನನ್ನನ್ನು ಮಾತ್ರ ಯಾರೂ ಟೈಲರ್ ಅನ್ನುವುದಿಲ್ಲ, ಗಾಜಿನಕ್ಕನ ಗಂಡ ಅನ್ನುತ್ತಾರೆ. ಮೊದಮೊದಲು ಮೈ ಉರಿಯುತ್ತಿತ್ತು. ಆ ಹೆಸರು ಕೇಳಿಕೊಂಡೇ ಗಿರಾಕಿಗಳು ಬರತೊಡಗಿದ ಮೇಲೆ ಸುಮ್ಮನಾದೆ.

ಗೋದಾಮಿನಿಂದ ಗಾಜಿನ ಹಾಳೆಗಳನ್ನು ಹೇರಿಕೊಂಡು ಕಟ್ಟಡಗಳಿಗೆ ಮುಟ್ಟಿಸುವುದು ಅವಳ ಕೆಲಸ. ಇಪ್ಪತ್ತೊಂದು ವರ್ಷದಿಂದ ಒಂದೇ ಪಿಕಪ್ ಗಾಡಿ. ಹಾಳೆಗಳನ್ನು ಮಲಗಿಸುವಂತಿಲ್ಲ; ಹಿಂದೆ ಮರದ ಚೌಕಟ್ಟಿಗೆ ಒರಗಿಸಿ, ತಾಗುವ ಕಡೆಯೆಲ್ಲ ಕಂಬಳಿ ಚೂರಿನ ದಿಂಬು ಕೊಟ್ಟು ಹಗ್ಗ ಬಿಗಿಯಬೇಕು. ಆ ದಿಂಬು ಹೊಲಿದುಕೊಡುವವನು ನಾನು. ಡ್ರೈವರ್ ಸೀಟಿನ ಹಿಂದೆ ಒಂದು ಪುಟ್ಟ ಕಿಟಕಿ. ಅದರ ಗಾಜನ್ನು ಅವಳೇ ಕಿತ್ತು ಹಾಕಿದ್ದಾಳೆ. ಊರಿಗೆಲ್ಲ ಗಾಜು ಹೊರುವವಳ ಗಾಡಿಗೇ ಗಾಜಿಲ್ಲ ಅಂತ ರೇಗಿಸುತ್ತಿದ್ದೆನೇ ಹೊರತು, ಯಾಕೆ ಕಿತ್ತೆ ಅಂತ ಒಂದು ದಿನವೂ ಕೇಳಲಿಲ್ಲ. ಗಾಳಿ ಬರಲಿ ಅಂತ ಇರಬೇಕು ಅಂದುಕೊಂಡಿದ್ದೆ.

ಗಾಡಿಯ ಮೀಟರಿನಲ್ಲಿ ಐದೇ ಅಂಕಿ. ಒಂಬತ್ತುಗಳು ತುಂಬಿ ತುಂಬಿ ಮೂರು ಸಲ ಸೊನ್ನೆಗೆ ಬಂದು, ನಾಲ್ಕನೇ ಸುತ್ತಿನ ಅರ್ಧ ದಾರಿಯಲ್ಲಿತ್ತು. ಈ ವರ್ಷ ಎಂಜಿನ್ ಹೊಗೆ ಉಗುಳತೊಡಗಿತು. ಸದ್ದಂತೂ ಹೇಳತೀರದು, ಅವಳಿನ್ನೂ ಬೀದಿ ತುದಿಯಲ್ಲಿರುವಾಗಲೇ ನಾನು ಎದ್ದು ಟೀಗೆ ನೀರಿಡುತ್ತಿದ್ದೆ. ಅದೇ ತಿಂಗಳು ಎರಡು ಹಾಳೆ ಒಡೆದವು. ಒಂಬತ್ತು ವರ್ಷದಿಂದ ಒಂದು ಮೂಲೆಯೂ ಮುಕ್ಕಾಗದ ಕೈಯಲ್ಲಿ ಒಂದೇ ತಿಂಗಳಿಗೆ ಎರಡು.

ಗೋದಾಮಿನ ಯಜಮಾನರು ಕರೆಸಿ ಹೇಳಿದರು. "ನೋಡಮ್ಮ, ಮುಂದಿನ ತಿಂಗಳು ಹೊಸ ಲೈಬ್ರರಿಯ ಮುಂಭಾಗದ ಗಾಜು ಬರುತ್ತೆ. ಹತ್ತಡಿ ಉದ್ದ, ಒಂದೇ ಹಾಳೆ. ಈ ಗಾಡೀಲಿ ಕಳ್ಸೋಕೆ ನಂಗೆ ಧೈರ್ಯ ಇಲ್ಲ. ಏನಾದ್ರೂ ದಾರಿ ನೋಡ್ಕೊ. ಅದೂ ಒಡೆದ್ರೆ ಆಮೇಲೆ ನಿನಗೆ ಕೆಲಸ ಕೊಡೋದು ಕಷ್ಟ."

ಗ್ಯಾರೇಜಿಗೆ ಇಬ್ಬರೂ ಹೋದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಕೈ ಒರೆಸಿಕೊಂಡು ಹೇಳಿದ. "ಅಕ್ಕ, ಎಂಜಿನ್ ಕೆಲಸಕ್ಕೆ ಬಂದಿದೆ."

"ಅದು ಇಪ್ಪತ್ತೊಂದು ವರ್ಷದಿಂದ ದಿನಾ ಕೆಲಸಕ್ಕೆ ಬರ್ತಿದೆಯಪ್ಪ. ನೀನೇನು ಮಾಡ್ತೀಯ ಅದನ್ನ ಹೇಳು."

"ಪೂರ್ತಿ ಬಿಚ್ಚಿ, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸ್ಬೇಕು. ಹತ್ತು ದಿನ ಬೇಕು. ನನ್ನ ಕೇಳಿದ್ರೆ ಗುಜರಿಗೆ ಹಾಕಿ ಹೊಸದು ತಗೊಂಡ್ಬಿಡಿ."

ತನ್ನ ಹೊಟ್ಟೆಗೆ ತಾನೇ ಹೊಡೆದುಕೊಂಡು ಮಾತಾಡುವ ಮೆಕ್ಯಾನಿಕ್ಕನ್ನು ನಾನು ಅವತ್ತೇ ನೋಡಿದ್ದು. ಮನೆಗೆ ಬರುವ ದಾರಿಯುದ್ದಕ್ಕೂ ಹೊಸ ಗಾಡಿಯ ಮಾತನ್ನೇ ಹಿಡಿದೆ. ಅವಳು ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು.

"ಹಾಳೆ ಒಡೆದಿದ್ದು ಈ ಸದ್ದಿನಿಂದ ರೀ. ಸದ್ದು ನಿಂತ್ರೆ ಸಾಕು," ಅಂದಳು.

"ಸದ್ದಿಗೆ ಎಲ್ಲಾದ್ರೂ ಗಾಜು ಒಡೆಯುತ್ತಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಆ ಮಾತು ಆಡಬಾರದಿತ್ತು. ಎರಡು ದಿನ ಮನೆಯಲ್ಲಿ ತಟ್ಟೆ ಲೋಟಗಳಷ್ಟೇ ಮಾತಾಡಿದವು.

ಮೂರನೇ ದಿನ ಅವಳೇ ಷೋರೂಮಿಗೆ ಫೋನ್ ಮಾಡಿ, ಹೊಸ ಪಿಕಪ್ಪನ್ನು ಒಂದು ದಿನ ಓಡಿಸಿ ನೋಡಲು ಕೇಳಿದಳು. ಷೋರೂಮಿನವನೂ ಜೊತೆಗೇ ಬಂದ. ಆರು ಹಾಳೆ ಹೇರಿಕೊಂಡು ಹೊರಟೆವು. ತಣ್ಣನೆ ಗಾಳಿ, ಮೆತ್ತನೆ ಸೀಟು. ನಾನು ಮದುಮಗನ ಹಾಗೆ ಕೂತಿದ್ದೆ. ಅವಳು ಮಾತ್ರ ಅರ್ಧ ಗಂಟೆಯಲ್ಲಿ ಐದು ಸಲ ಗಾಡಿ ನಿಲ್ಲಿಸಿ, ಇಳಿದು ಹೋಗಿ ಹಿಂದೆ ಮುಟ್ಟಿ ನೋಡಿ ಬಂದಳು.

"ಏನಾಯ್ತೇ ನಿನಗೆ?"

"ಏನೂ ಕೇಳಿಸ್ತಾ ಇಲ್ಲ."

"ಅದಕ್ಕೇ ತಾನೇ ಇದನ್ನ ಹೊಸ ಗಾಡಿ ಅನ್ನೋದು?"

ಅವಳು ಸ್ಟೀರಿಂಗ್ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು. "ಹಗ್ಗ ಸಡಿಲಾದ್ರೆ ಗಾಜು ಟಿಕ್ ಟಿಕ್ ಅನ್ನುತ್ತೆ. ದಿಂಬು ಜಾರಿದ್ರೆ ಸಣ್ಣಗೆ ಗುಂಯ್ ಅನ್ನುತ್ತೆ. ಒಡೆಯೋಕೆ ಮುಂಚೆ ಅದು ಹೇಳಿಯೇ ಹೇಳುತ್ತೆ ರೀ. ನಮ್ಮಪ್ಪ ಕೈಗಾಡೀಲಿ ಗಾಜು ತಳ್ತಿದ್ದಾಗ ಕಲಿಸಿದ್ದು. ಕಿಟಕಿ ಗಾಜು ಕಿತ್ತಿದ್ದೇ ಅದಕ್ಕೆ. ಹಳೇ ಗಾಡೀಲಿ ಎಂಜಿನ್ ಸದ್ದಿಗೆ ಕೇಳಿಸಲ್ಲ, ಇದರಲ್ಲಿ ಎಲ್ಲಾ ಮುಚ್ಚಿರೋದ್ರಿಂದ ಕೇಳಿಸಲ್ಲ."

"ಹಾಗಾದ್ರೆ ಇದರ ಗಾಜೂ ಕಿತ್ತರಾಯ್ತು," ಅಂದೆ. ಷೋರೂಮಿನವನ ಮುಖ ಬಿಳುಚಿಕೊಂಡಿತು. ಅದು ಅಂಟಿಸಿರುವ ಗಾಜು, ಕಿತ್ತರೆ ವಾರಂಟಿ ಹೋಗುತ್ತದೆ ಎಂದು ತೊದಲಿದ. ನಾನು ತಲೆ ತಗ್ಗಿಸಿದೆ. ಗಾಡಿಯ ಬೆಲೆ, ಮೈಲೇಜು, ಬಣ್ಣ ಎಲ್ಲ ಲೆಕ್ಕ ಹಾಕಿದ್ದೆ. ಪಕ್ಕದಲ್ಲೇ ಇಪ್ಪತ್ತೊಂದು ವರ್ಷ ಮಲಗಿದವಳ ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಅವತ್ತೇ ಸಂಜೆ ಗ್ಯಾರೇಜಿಗೆ ಹೋಗಿ, "ಬೋರ್ ಮಾಡಿಸಪ್ಪ," ಅಂದಳು. ಹತ್ತು ದಿನ ಅಂದವನು ಹದಿನಾಲ್ಕು ದಿನ ತೆಗೆದುಕೊಂಡ. ಆದರೆ ಕೀಲಿ ತಿರುಗಿಸಿದಾಗ ನನ್ನ ಹೊಲಿಗೆ ಮಷಿನ್ನಿನಷ್ಟೇ ಸದ್ದು. ಮೆಕ್ಯಾನಿಕ್ ತಾನೇ ನಂಬಲಾರದೆ ಎರಡು ಸಲ ಆರಿಸಿ ಹಚ್ಚಿದ.

ಲೈಬ್ರರಿ ಗಾಜಿನ ದಿನ ನಾನೂ ಹೊರಟೆ. ಹೊಸ ದಿಂಬುಗಳನ್ನು ರಾತ್ರೋರಾತ್ರಿ ಹೊಲಿದು ಕೊಟ್ಟಿದ್ದೆ, ಆ ಜಂಬ ಬೇರೆ. ಆರು ಜನ ಸೇರಿ ಹೇರಿದರು. ಯಜಮಾನರು ಮನಸ್ಸು ತಡೆಯದೆ ಸ್ಕೂಟರಿನಲ್ಲಿ ಹಿಂದೆಯೇ ಬಂದರು. ಪೇಟೆ ದಾಟಿತು, ರೈಲ್ವೆ ಗೇಟಿನ ಹಳಿಗಳೂ ದಾಟಿದವು. ಅಷ್ಟರಲ್ಲಿ ಅವಳು ಕತ್ತು ಸ್ವಲ್ಪ ವಾಲಿಸಿ, ಮೆಲ್ಲಗೆ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಎಡಗಡೆ, ಕೆಳಗಿನ ದಿಂಬು," ಅಂದಳು.

ನನಗೆ ಒಂದಿಷ್ಟೂ ಕೇಳಿಸಿರಲಿಲ್ಲ. ಇಳಿದು ಹೋಗಿ ನೋಡಿದೆ. ದಿಂಬಿನ ಹೊಲಿಗೆ ಬಿಟ್ಟು, ಒಳಗಿನ ಚೂರುಗಳು ಉದುರಿ, ಗಾಜಿನ ಅಂಚು ಕಬ್ಬಿಣದ ಬೋಲ್ಟಿಗೆ ಒಂದು ಬೆರಳಿನಷ್ಟು ಹತ್ತಿರ ಬಂದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ನನ್ನ ಹೊಲಿಗೆಯೇ ಆಗಿತ್ತು.

ಯಜಮಾನರು ಸ್ಕೂಟರ್ ನಿಲ್ಲಿಸಿ ಬಂದು ಬಗ್ಗಿ ನೋಡಿದರು. ಅವರ ಹಣೆ ಬೆವೆತಿತ್ತು. "ಯಾರಮ್ಮ ಇದನ್ನ ಹೊಲಿದದ್ದು?"

ನಾನು ಹಗ್ಗದ ಗಂಟು ನೋಡುವವನ ಹಾಗೆ ಆ ಕಡೆ ತಿರುಗಿದೆ.

"ಯಾರು ಹೊಲಿದ್ರೇನು ಯಜಮಾನ್ರೇ, ಸರಿ ಮಾಡೋಕೆ ಟೈಲರ್ರು ಜೊತೆಗೇ ಇದಾರಲ್ಲ," ಅಂದಳು.

ಜೇಬಿನಲ್ಲಿ ಸೂಜಿ ದಾರ ಯಾವಾಗಲೂ ಇರುತ್ತದೆ. ರಸ್ತೆ ಬದಿಯಲ್ಲಿ ಮಂಡಿಯೂರಿ, ಜನ್ಮದಲ್ಲಿ ಹಾಕದಷ್ಟು ಗಟ್ಟಿ ಹೊಲಿಗೆ ಹಾಕಿದೆ. ಅವಳು ಅದನ್ನು ಎರಡೂ ಕೈಯಿಂದ ಜಗ್ಗಿ ಪರೀಕ್ಷಿಸಿದ ಮೇಲೆಯೇ ಗಾಜಿನ ಕೆಳಗೆ ಕೊಟ್ಟಳು.

ಲೈಬ್ರರಿ ಮುಂದೆ ಎಂಟು ಜನ ಹಿಡಿದು ಇಳಿಸಿದರು, ಎತ್ತಿದರು, ಚೌಕಟ್ಟಿನಲ್ಲಿ ಕೂರಿಸಿದರು. ಒಂದು ಗೀರಿಲ್ಲ, ಒಂದು ಮುಕ್ಕಿಲ್ಲ. ಮೇಸ್ತ್ರಿ ಶಿಳ್ಳೆ ಹಾಕಿದ. ಕೆಲಸದವರು ಚಪ್ಪಾಳೆ ತಟ್ಟಿದರು. ನಾನು ಹೆಮ್ಮೆ ತಡೆಯಲಾರದೆ, ಪಕ್ಕದಲ್ಲಿ ನಿಂತಿದ್ದ ಅಪರಿಚಿತನಿಗೆ "ನಾನು ಗಾಜಿನಕ್ಕನ ಗಂಡ" ಎಂದು ಅವನು ಕೇಳದೆಯೇ ಹೇಳಿದೆ.

ಯಜಮಾನರು ಅವಳ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು. "ಮುಂದಿನ ವಾರ ಆಸ್ಪತ್ರೆಗೆ ಇಂಥವೇ ನಾಲ್ಕು ಹಾಳೆ ಹೋಗ್ಬೇಕು. ನೀವೇ ಮುಟ್ಟಿಸ್ಬೇಕು, ಬೇರೆಯವರ ಕೈಗೆ ಕೊಡಲ್ಲ."

ನೀನು ಹೋಗಿ ನೀವು ಆಗಿದ್ದನ್ನು ಇಬ್ಬರೂ ಗಮನಿಸಿದೆವು. ಅವಳು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಫೋನ್ ಮಾಡಿ ಯಜಮಾನ್ರೇ. ಬಿಡುವಿದೆಯಾ ನೋಡ್ತೀನಿ."

ಮುಂದಿನ ವಾರ ಪೂರ್ತಿ ಬಿಡುವಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ.