ಅರ್ಧ ಚಾದ ಬಂಧ

ಹಿರೇಕೆರೂರಿನ ತಾಲ್ಲೂಕು ಕಚೇರಿಯ ಎದುರು ಕುಳಿತು ಖರೀದಿಪತ್ರ, ಆಸ್ತಿ ಪಾಲಿನ ವಾಟಣಿಪತ್ರ ಬರೆದೇ ಅರ್ಧ ಆಯುಷ್ಯ ಕಳೆದವನು ನಾನು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ ಎಂದು ಚಕ್ಕುಬಂದಿ ಬರೆದೂ ಬರೆದೂ ಜಗತ್ತೆಲ್ಲ ನಾಲ್ಕು ಗೆರೆಯ ಮನೆಗಳಾಗಿಯೇ ಕಾಣತೊಡಗಿತ್ತು. ಹೀಗಾಗಿ ಭಾನುವಾರದ ಪೇಪರಿನ ಪದಬಂಧದ ಹುಚ್ಚು ಹಿಡಿದದ್ದು ದೊಡ್ಡ ಮಾತಲ್ಲ. ಅದರ ವಿಮರ್ಶಕನೂ ಆಗಿಬಿಟ್ಟೆ, ಅದು ಮಾತ್ರ ದೊಡ್ಡ ಮಾತೇ. ಆ ಕೆಲಸಕ್ಕೆ ನನ್ನನ್ನು ಯಾರೂ ನೇಮಿಸಿರಲಿಲ್ಲ.

ನಮ್ಮದೊಂದು ವಾಟ್ಸಾಪ್ ಗುಂಪು. ಹಾನಗಲ್ಲಿನ ಒಬ್ಬ ಅಂಚೆ ನೌಕರ, ಶಿಗ್ಗಾವಿಯ ಅಕ್ಕ-ತಂಗಿ ಟೀಚರುಗಳು, ಸವಣೂರಿನ ಒಬ್ಬ ಟೇಲರ್, ಮತ್ತೆ ನಾನು. ಭಾನುವಾರ ಸಂಜೆ ನನ್ನ ತೀರ್ಪು ಹೊರಬೀಳಬೇಕು. ಮುಂದಿನ ಶನಿವಾರದೊಳಗೆ ಎಲ್ಲರೂ ತುಂಬಿದ ಬಂಧದ ಫೋಟೋ ಹಾಕಬೇಕು. ನನ್ನ ಅಳತೆ ಚಹಾದ್ದು. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಬಂಧ ಬಿಡಿಸಿ ಮುಗಿಸುವಷ್ಟರಲ್ಲಿ ಎಷ್ಟು ಚಾ ಕುಡಿದೆನೋ ಅಷ್ಟೇ ಅದರ ಯೋಗ್ಯತೆ. ಎರಡು ಚಾ ದಾಟಿದ ಬಂಧ ಅಪರೂಪ.

ವಾರಕ್ಕೊಂದು ವಿಷಯ ಕೊಟ್ಟು ಬಂಧ ಕಟ್ಟುತ್ತಾರಲ್ಲ, ಅವರ ಮೇಲೆ ನನಗೆ ವಿಶೇಷ ಸಿಟ್ಟು. ‘ಅಡುಗೆಮನೆ’ ಎಂದರು, ಒಲೆ, ಲಟ್ಟಣಿಗೆ ಮುಗಿದ ಮೇಲೆ ಜಾಗ ತುಂಬಲು ಸೂರ್ಯ ಬಂದ. ‘ಮದುವೆಮನೆ’ ಎಂದರು, ಅಲ್ಲೂ ಸೂರ್ಯ, ಕರೆಯದಿದ್ದರೂ ಮೊದಲ ಪಂಕ್ತಿಗೇ ಕೂರುವ ನಮ್ಮ ಓಣಿಯ ಹಿರಿಯರ ಹಾಗೆ. ‘ವಿಷಯ ಅಡುಗೆಮನೆ, ಬೆಂದವನು ಓದುಗ. ಒಂದು ಚಾ, ಅದೂ ಸಕ್ಕರೆ ಇಲ್ಲದ್ದು’ ಎಂದು ಬರೆದೆ. ಹಾನಗಲ್ಲಿನವರು ಚಪ್ಪಾಳೆಯ ಚಿತ್ರ ಕಳಿಸಿದರು. ನನಗೆ ಕೊಂಬು ಬಂತು.

ಇನ್ನೊಂದು ಜಂಬವೂ ಇತ್ತು. ಬಂಧವನ್ನು ಪೆನ್ನಿನಲ್ಲೇ ಬಿಡಿಸುತ್ತಿದ್ದೆ. ನಮ್ಮ ಪತ್ರಗಳಲ್ಲಿ ಅಕ್ಷರ ಹೊಡೆದು ಚಿತ್ತಾದರೆ ಕೊನೆಗೆ ‘ಇಂತಿಷ್ಟು ಚಿತ್ತು ಇದೆ, ಒಪ್ಪಿದೆ’ ಎಂದು ಬರೆದು ಸಹಿ ಹಾಕಬೇಕು. ನನ್ನ ಪತ್ರಗಳಿಗೆ ಆ ಸಾಲಿನ ಅಗತ್ಯ ಬೀಳುತ್ತಿರಲಿಲ್ಲ.

ಸವಣೂರಿನ ಟೇಲರ್ ಸಾಹೇಬರು ನನಗಿಂತ ನಾಲ್ಕು ವರ್ಷ ದೊಡ್ಡವರು. ಉರ್ದು ಶಾಲೆಯಲ್ಲಿ ಕಲಿತವರು. ಕನ್ನಡವನ್ನು ಪೇಪರ್ ಓದಿಯೇ ಗಟ್ಟಿ ಮಾಡಿಕೊಂಡವರು. ಒಮ್ಮೆ ವೀಳ್ಯದೆಲೆ ತರಲು ಸವಣೂರಿಗೆ ಹೋದಾಗ ಅವರ ಅಂಗಡಿ ಹೊಕ್ಕೆ. ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಖಾಕಿ ತುಂಡೊಂದು ಹಾಸಿತ್ತು. ಅದರ ತುಂಬ ಗುರುತು ಹಾಕುವ ಚಾಕ್‌ಪೀಸಿನಿಂದ ಬರೆದ ಮನೆಗಳು, ಮನೆಯೊಳಗೆ ಅಕ್ಷರಗಳು.

“ಬಂಧ ಕಟ್ಟಾಕತ್ತೇನ್ರಿ ಸರ. ಚಾಕ್ ಆದ್ರ ಚೊಲೊ. ತಪ್ಪಿದ್ರ ಅಂಗೈಲೆ ಒರಸಿದ್ರಾತು.”

ಆ ಖಾಕಿ ಬಟ್ಟೆಯ ಬಂಧ ಒಂದು ಭಾನುವಾರ ಪೇಪರಿನಲ್ಲೇ ಬಂದುಬಿಟ್ಟಿತು. ವಿಷಯ: ‘ಹೊಲಿಗೆ’. ಬೆಳಿಗ್ಗೆಯೇ ಸಾಹೇಬರ ಫೋನು. “ಸರ, ಮುಲಾಜ್ ಬ್ಯಾಡ. ಇದ್ದದ್ದ ಇದ್ದಂಗ ಬರೀರಿ. ಎರಡನೇ ಬಂಧಾನೂ ಟೇಬಲ್ ಮ್ಯಾಲ ಹಾಸೇನಿ. ನಿಮ್ಮ ಮಾತ್ ನೋಡಿ ಕಳಿಸ್ತೇನಿ.”

ಹೋಟೆಲಿನಲ್ಲಿ ಕುಳಿತೆ. ಸೂರ್ಯ ಎಲ್ಲೂ ಇರಲಿಲ್ಲ, ಅಲ್ಲಿಗೇ ನನಗೆ ದಿಗಿಲಾಗಬೇಕಿತ್ತು. ‘ಹೊರಗೆ ಕಾಣದೆ ಜಾಕೀಟಿನ ಮಾನ ಕಾಯುವುದು, ಮೂರಕ್ಷರ’ ಎಂದಿತ್ತು. ಹಿಂದೆ ಮುಂದೆ ನೋಡದೆ ಪೆನ್ನಿನಿಂದ ‘ಕವಚ’ ಎಂದು ಬರೆದೆ. ಅದಕ್ಕೆ ಅಡ್ಡ ಬರುವ ಮೂರು ಪದಗಳೂ ಆಮೇಲೆ ಹುಟ್ಟಲೇ ಇಲ್ಲ. ನಾಲ್ಕನೇ ಚಾ ಇಡುತ್ತ ಹೋಟೆಲಿನವನು, “ಯಾಕ್ರಿ ಸರ, ಮೈಯಾಗ ಆರಾಮ ಇಲ್ಲೇನ್ರಿ?” ಎಂದ. ಐದನೇ ಚಾ ಕುಡಿದು ಎದ್ದು ಮನೆಗೆ ಬಂದೆ.

ಸಂಜೆ ಗುಂಪಿನಲ್ಲಿ ಬರೆದೆ: ‘ಹೊಸಬರ ಪ್ರಯತ್ನ. ಎಳೆಯ ಕೈ. ತೀರಾ ಸಲೀಸು. ಅರ್ಧ ಚಾ.’ ಯಾಕೆ ಬರೆದೆ ಎಂದರೆ, ಬಿಡಿಸಲಾಗಲಿಲ್ಲ ಎನ್ನಲು ನಾಚಿಕೆಯಾಯಿತು, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕುಣಿದು ಮುಗಿಸಿದೆ ಎಂದೂ ಹೇಳಿದ್ದೆ.

ಈಗ ಶನಿವಾರದ ಫೋಟೋದ ಚಿಂತೆ. ನಮ್ಮೂರ ಟೇಲರನ್ನು ನೇರ ಕೇಳಿದರೆ ಸಂತೆಯ ತುಂಬ ಸುದ್ದಿಯಾಗುತ್ತದೆ. ಅದಕ್ಕೆ ಸೋಮವಾರ ಅವನ ಅಂಗಡಿಗೆ ಹೋಗಿ, “ಒಂದು ಜಾಕೀಟ್ ಹೊಲಿಯಪಾ” ಎಂದೆ. ಹುಟ್ಟಿದಾಗಿನಿಂದ ಜಾಕೀಟು ತೊಟ್ಟವನಲ್ಲ. ಅವನು ಎದೆ, ಹೊಟ್ಟೆ ಅಳೆದ. ಹೊಟ್ಟೆಯನ್ನು ಎರಡು ಸಲ ಅಳೆದ. ಕೊನೆಗೆ, “ಅಸ್ತರ ಯಾವ ಬಣ್ಣದ್ದು ಹಾಕ್ಲಿರಿ?” ಎಂದ.

ಅಸ್ತರ! ಒಳಮೈಗೆ ಹೊಲಿಯುವ ಬಟ್ಟೆ, ಚಿಕ್ಕಂದಿನಿಂದ ಕೇಳಿದ ಮಾತು, ಐದು ಚಾ ಕುಡಿದರೂ ಬಾಯಿಗೆ ಬಂದಿರಲಿಲ್ಲ. ಹೋಟೆಲಿನಲ್ಲಿ ಉಳಿದಿದ್ದ ಅದೇ ಭಾನುವಾರದ ಇನ್ನೊಂದು ಪೇಪರ್ ಕೇಳಿ ತಂದು, ಹೊಸದಾಗಿ, ಒಂದೂ ಚಿತ್ತಿಲ್ಲದೆ ತುಂಬಿಟ್ಟೆ. ಜಾಕೀಟೂ ಶನಿವಾರ ಬೆಳಿಗ್ಗೆ ಕೈಗೆ ಬಂತು. ಟೇಲರೊಬ್ಬ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟಾಗಲೇ ಕಾಲ ಕೆಟ್ಟಿದೆ ಎಂದು ತಿಳಿಯಬೇಕಿತ್ತು.

ಫೋಟೋ ಕಳಿಸಲು ಫೋನು ತೆಗೆದರೆ ಸಾಹೇಬರ ಧ್ವನಿಸಂದೇಶ ಬಂದಿತ್ತು. “ಸರ, ನೀವು ಹೇಳಿದ್ದು ಖರೇನ ಐತಿ. ಅರ್ಧ ಚಾದ ಕೆಲಸಕ್ಕ ನಾ ವರ್ಷಗಟ್ಲೆ ಕುಂತೆ. ಗಟ್ಟಿ ಕಟ್ಟಾಕ ನನಗ ಬರೂದಿಲ್ರಿ. ಎರಡನೇದನ್ನ ಇವತ್ತ ಸಂಜಿಕ ಒರಸಿಬಿಡ್ತೇನಿ. ಬಟ್ಟಿನೂ ಬೇಕಾಗೇತಿ.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಫೋನ್ ಮಾಡಿದೆ, ಎತ್ತಲಿಲ್ಲ.

ಹೊಸ ಹಾಳೆಯನ್ನು ಮಡಚಿಟ್ಟೆ. ‘ಕವಚ’ ಬರೆದು ಗೀಚಿ ಹಾಳು ಮಾಡಿದ ಹಳೆಯ ಹಾಳೆಯ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಕೆಳಗೆ ನನಗೆ ಬರುವ ಒಂದೇ ಭಾಷೆಯಲ್ಲಿ ಬರೆದೆ:

‘ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟ ಒಪ್ಪಿಗೆ ಪತ್ರ. ಸದರಿ ಬಂಧವನ್ನು ಐದು ಚಾ ಕುಡಿದರೂ ಬಿಡಿಸಲಾಗಲಿಲ್ಲ. ಅರ್ಧ ಚಾ ಎಂದದ್ದು ಸುಳ್ಳು. ಒಂದು ಚಿತ್ತು ಇದೆ, ಮೂರು ಪದ ಖಾಲಿ ಇವೆ, ಒಪ್ಪಿದೆ. ಸಾಕ್ಷಿ: ಉತ್ತರ ತಿಳಿಯಲು ಹೊಲಿಸಿದ ಜಾಕೀಟು.’ ಸಾಕ್ಷಿಯನ್ನು ತೊಟ್ಟು ನಿಂತ ನನ್ನ ಫೋಟೋವನ್ನೂ ಹಾಕಿದೆ.

ಶಿಗ್ಗಾವಿಯ ಅಕ್ಕನವರು, “ಸರ್, ಇಷ್ಟು ಚೊಲೊ ವಿಮರ್ಶೆ ನೀವು ಬರದಿದ್ದಿಲ್ಲ ಬಿಡ್ರಿ” ಎಂದರು. ಸವಣೂರಿನಿಂದ ಮಾತ್ರ ಸದ್ದಿಲ್ಲ. ಸಂಜೆಯಾಗುತ್ತ ಬಂತು. ನಾನು ಜಾಕೀಟು ಬಿಚ್ಚುವುದನ್ನೂ ಮರೆತು ಕಟ್ಟೆಯ ಮೇಲೆ ಕುಳಿತಿದ್ದೆ. ಆಗ ಫೋನು ಗುಂಯ್‌ಗುಟ್ಟಿತು.

“ಸರ, ಜಾಕೀಟ್ ನೋಡಿದೆ. ಎಡಗಡೆ ಅಸ್ತರ ಎಳದೈತಿ, ಹೆಗಲು ಇಳದೈತಿ. ಅರ್ಧ ಚಾ.” ಸಾಹೇಬರು ಸ್ವಲ್ಪ ಹೊತ್ತು ಕೆಮ್ಮಿದರು, ನಗುತ್ತಿದ್ದರೋ ಏನೋ. “ನಾಳೆ ಬರ್ರಿ, ಬಿಚ್ಚಿ ಸರಿ ಮಾಡಿ ಕೊಡ್ತೇನಿ. ಎರಡನೇದನ್ನ ಇನ್ನೂ ಒರಸಿಲ್ಲ. ಬರೂಮುಂದ ಪೆನ್ ತರಬ್ಯಾಡ್ರಿ.”